ಕಾಲು ಮುಂದೆ, ಮುಖ ಮೇಲೆ

ಬಿದ್ದರೆ ಹೆದರಬೇಡಿ. ಕಾಲು ಮುಂದೆ, ಮುಖ ಮೇಲೆ.
ನಿಲ್ಲಲು ಹೋಗಬೇಡಿ, ಬಂಡೆಯ ಸಂದಿ ಪಾದ ಹಿಡಿಯುತ್ತದೆ.
ಹುಟ್ಟು ಬಿಡಬೇಡಿ. ನಗು ಬಂದರೂ ಬಾಯಿ ಮುಚ್ಚಿ.
ಹನ್ನೊಂದು ಮಳೆಗಾಲ, ದಿನಕ್ಕೆ ಮೂರು ಸಲ
ಮಾಗುಂಡಿಯ ದಡದಲ್ಲಿ ನಿಂತು ಇದನ್ನೇ ಹೇಳಿದ್ದೇನೆ,
ಸೆಲ್ಫಿ ತೆಗೆಯುವವರ ಬೆನ್ನಿಗೆ.

ಅಪ್ಪಂದಿರಿಗೆ ಮುಂದೆಯೇ ಕೂರಬೇಕು,
ಮೊದಲ ಅಲೆಗೇ ಕನ್ನಡಕ ಕಳೆಯಬೇಕು.
ಅಮ್ಮಂದಿರು ನಾನು ಬಿಗಿದ ಬಕಲ್ಲನ್ನು
ಇನ್ನೊಮ್ಮೆ ಬಿಗಿಯುತ್ತಾರೆ.
ತುಮಕೂರಿನ ಹುಡುಗಿಯೊಬ್ಬಳು ಕೇಳಿದ್ದಳು:
"ಅಂಕಲ್, ಈ ನೀರು ನಾಳೆಯೂ ಇಲ್ಲಿಗೆ ಬರತ್ತಾ?"
ಇಲ್ಲ ಪುಟ್ಟಿ ಅಂದೆ.
"ಹಾಗಾದ್ರೆ ನೀವೊಬ್ರೇ ಬರೋದಾ?"

ನನ್ನ ಮನೆಯವರು ಮಾತ್ರ ಈ ದೋಣಿ ಹತ್ತಿರಲಿಲ್ಲ.
ತಲೆಗೆ ಸಾವಿರದ ಇನ್ನೂರು ಅಂದಾಗ
ಅವ್ವ ಎಲೆಯಡಿಕೆ ಉಗುಳಿ ಅಂದಿದ್ದಳು:
"ಒದ್ದೆಯಾಗೋಕೆ ದುಡ್ಡು ಕೊಡ್ತಾರಾ?
ನಾನು ನಲವತ್ತು ವರ್ಷ ಪುಕ್ಕಟೆ ಒದ್ದೆಯಾಗಿದೀನಿ."

ಸೆಪ್ಟೆಂಬರಿನ ಕೊನೆ ಸೋಮವಾರ.
ಬುಕಿಂಗ್ ಇಲ್ಲ. ನೀರು ಇಳಿಯುತ್ತಿತ್ತು.
"ಕರ್ಕೊಂಡು ಬಾರೋ ಉಮೇಶ" ಅಂದರು ಸಾಹುಕಾರರು,
"ನಾಳೆಯಿಂದ ಗಾಳಿ ಬಿಟ್ಟು ಮಡಚೋದೇ."
ಅವ್ವ, ರೇವತಿ, ಎಂಟು ವರ್ಷದ ಇಂಚರ,
ಮತ್ತೆ ಭಾವ ಮಂಜಯ್ಯ:
ಲುಂಗಿ ಬಿಡಲು ಒಪ್ಪದೆ
ಅದರ ಮೇಲೇ ಜಾಕೆಟ್ಟು ಕಟ್ಟಿಸಿಕೊಂಡವನು.

ಬಿದ್ದರೆ ಹೆದರಬೇಡಿ, ಶುರು ಮಾಡಿದೆ.
"ನಿನಗೆ ಈಜು ಕಲಿಸಿದ್ದು ಯಾರೋ?" ಅವ್ವ ತಡೆದಳು.
ನಿಜ. ಒಣಗಿದ ಸೋರೆಬುರುಡೆ ಎರಡು ಬೆನ್ನಿಗೆ ಬಿಗಿದು
ಒಗೆಯುವ ಕಲ್ಲಿನಿಂದ ನನ್ನನ್ನು ನೂಕಿದ್ದು ಅವಳೇ.
ಆದರೂ ನಿಯಮ ನಿಯಮ. ಪೂರ್ತಿ ಹೇಳಿದೆ.
ಅವಳು ಹೆಲ್ಮೆಟ್ಟಿನೊಳಕ್ಕೆ ತುರುಬು ತುರುಕುತ್ತಿದ್ದಳು.

ಮೊದಲ ಇಳಿಜಾರಿಗೆ ಕಂಪನಿಯ ಹೆಸರು ಮಿಕ್ಸಿ.
"ಇದು ಕುಂಟಿಯ ಮಡು" ಅಂದಳು ಅವ್ವ.
ಎರಡನೆಯದು ಟೈಗರ್.
"ಯಾವ ಹುಲಿಯೋ? ಕರಿಯಣ್ಣನ ಎಮ್ಮೆ ಇಲ್ಲಿ ಸಿಕ್ಕಿ
ಮೂರು ದಿನ ಅರಚಿತ್ತು. ಎಮ್ಮೆಬಂಡೆ ಇದು."
ಮೂರನೆಯದಕ್ಕೆ, ಬಂದವರೆದುರು, ಜಾಕ್‌ಪಾಟ್ ಅಂತ ಕೂಗುತ್ತೇನೆ.
ಅವತ್ತು ಕೂಗಲಿಲ್ಲ.
ಅವಳೂ ಹೆಸರು ಹೇಳಲಿಲ್ಲ.

ಅಪ್ಪನ ತೆಪ್ಪ ಮಗುಚಿದ್ದು ಅಲ್ಲಿ.
ಅಪ್ಪ ದಡ ಸೇರಿದ. ತೆಪ್ಪದಲ್ಲಿದ್ದ ಇಬ್ಬರು ಸೇರಲಿಲ್ಲ.
ಹೊಳೆಗೆ ಬೆನ್ನು ಹಾಕಿ ಹದಿನೇಳು ವರ್ಷ
ಬಾಳೆಹೊನ್ನೂರಿನ ಬಸ್ ಸ್ಟ್ಯಾಂಡಿನಲ್ಲಿ ಕಡಲೆ ಹುರಿದ.
ಮಳೆ ಜೋರಾದ ರಾತ್ರಿ ಜಾಲರಿ ಕೈಲಿ ಹಿಡಿದೇ
ನಿದ್ದೆ ಹೋಗುತ್ತಿದ್ದ.

ಫಾರ್ವರ್ಡ್! ಕೂಗಿದೆ.
ಕೂಗುವ ಮೊದಲೇ ಅವ್ವನ ಹುಟ್ಟು ನೀರಿನಲ್ಲಿತ್ತು.
ನನ್ನ ಗಂಟಲಿಗಲ್ಲ ಅವಳ ಕಿವಿ,
ಎದುರಿನ ನೀರು ಬೆನ್ನು ಮುರಿಯುವ ಕಡೆಗೆ ಕಣ್ಣು.
ಎಡಕ್ಕೆ ಎಂದೆ. ಅವಳು ಬಲಕ್ಕೆ ಎಳೆದಳು.
ದೋಣಿ ಅವಳ ಮಾತು ಕೇಳಿತು.
ಇಳಿದೆವು. ಬಿಳಿ ಬಿಳಿ ಬಿಳಿ,
ಮೂಗಿನಲ್ಲಿ ಹೊಳೆ, ಕಿವಿಯಲ್ಲಿ ಹೊಳೆ,
ಇಂಚರ ಬಾಯಿ ತೆರೆದು ನಕ್ಕು ನೀರು ಕುಡಿದಳು,
ಭಾವ ಉಳಿದ, ಲುಂಗಿ ಖಾಂಡ್ಯದ ದಾರಿ ಹಿಡಿಯಿತು.

ಮುಂದೆ ಮಡು. ಇಲ್ಲಿ ಬೇಕಾದವರು ನೀರಿಗಿಳಿಯಬಹುದು
ಎಂದು ನಾನು ಹೇಳುವಷ್ಟರಲ್ಲಿ ರೇವತಿ ಜಿಗಿದಿದ್ದಳು.
ಮದುವೆಯಾಗಿ ಹತ್ತು ವರ್ಷ. ಹಗಲಲ್ಲಿ
ಅವಳು ಮಲಗಿದ್ದನ್ನು ನಾನು ಕಂಡಿರಲಿಲ್ಲ:
ಕಾಲು ಮುಂದೆ, ಮುಖ ಮೇಲೆ,
ಕೈಗಳು ಯಾವ ಕೆಲಸವೂ ಇಲ್ಲದೆ ಅಗಲವಾಗಿ.
ಒಂದು ನೀರುಕಾಗೆ ರೆಕ್ಕೆ ಒಣಗಿಸುತ್ತ ನೋಡುತ್ತಿತ್ತು.
ಹತ್ತಿಸಿಕೊಳ್ಳಲು ನಾನು ಆತುರ ಮಾಡಲಿಲ್ಲ.

ದಡದಲ್ಲಿ ಅವ್ವ ಹೆಲ್ಮೆಟ್ಟು ತೆಗೆಯದೆ ಚಹಾ ಕುಡಿದಳು.
"ತಲೆಗೆ ಎಷ್ಟಂದೆ?"
ಸಾವಿರದ ಇನ್ನೂರು.
"ಜಾಸ್ತಿಯಾಯ್ತು. ಮೊದಲು ಎಮ್ಮೆಬಂಡೆ ಹೆಸರು ಸರಿ ಮಾಡ್ಲಿ."

ಸಂಜೆ ದೋಣಿಯ ಗಾಳಿ ಬಿಟ್ಟೆ.
ಬಹಳ ಹೊತ್ತು ಉಸ್ಸೆಂದಿತು.
ಲುಂಗಿ ಸಿಗಲಿಲ್ಲ.
ಡ್ಯಾಮಿನ ಹಿನ್ನೀರಿನಲ್ಲಿ, ಮುಳುಗಿದ ಯಾವುದೋ ಮರ
ಇಷ್ಟು ಹೊತ್ತಿಗೆ ಅದನ್ನು ಉಟ್ಟಿರಬೇಕು.